ತನಗೆ ತಾನೇ ಸಾಹೇಬ

ಡೇಟಾಬೇಸಿನಲ್ಲಿ ನೌಕರರ ಟೇಬಲ್ ಮಾಡುವುದು ಸುಲಭ. ಒಂದು ಐಡಿ, ಒಂದು ಹೆಸರು, ಪಕ್ಕದಲ್ಲಿ ಮ್ಯಾನೇಜರ್ ಐಡಿ. ಮ್ಯಾನೇಜರೂ ಸಂಬಳದ ನೌಕರನೇ ಅಲ್ವಾ? ಹಾಗಾಗಿ ಆ ಕಾಲಮ್ಮಿನ ಫಾರಿನ್ ಕೀ, ಅಂದರೆ ಯಾವುದೋ ಸಾಲನ್ನು ತೋರಿಸುವ ಕೊಂಡಿ, ಬೇರೆ ಟೇಬಲ್ಲಿಗೆ ಹೋಗುವುದಿಲ್ಲ. ಅದೇ ಟೇಬಲ್ಲಿನ ಪ್ರೈಮರಿ ಕೀಯನ್ನೇ (ಪ್ರತಿ ಸಾಲನ್ನು ಗುರುತಿಸುವ ಆ ಐಡಿಯನ್ನೇ) ಹಿಡಿದುಕೊಳ್ಳುತ್ತದೆ. ಹೆಸರಿಗೆ ಮಾತ್ರ ಫಾರಿನ್!

ಮೊದಲ ತಕರಾರು ದೊಡ್ಡ ಸಾಹೇಬರದು. ಅವರ ಮೇಲೆ ಯಾರೂ ಇಲ್ಲ. ಒರಾಕಲ್ ಎಂಬ ಡೇಟಾಬೇಸಿನ ಹಳೇ ಮಾದರಿ ಟೇಬಲ್ 'ಎಂಪ್'ನಲ್ಲಿ 14 ನೌಕರರು. ಅದರಲ್ಲಿ ಕಿಂಗ್ ಎಂಬ ಪ್ರೆಸಿಡೆಂಟರ ಮ್ಯಾನೇಜರ್ ಜಾಗ ಖಾಲಿ, ಅಂದರೆ ನಲ್. ಮರ್ಯಾದಸ್ಥ ರಾಜ. ಆದರೆ ಶಿಸ್ತಿನ ಹುಚ್ಚಿಗೆ ಯಾರೋ ಆ ಕಾಲಮ್ಮಿಗೆ ನಾಟ್ ನಲ್, ಅಂದರೆ ಖಾಲಿ ಬಿಡಬಾರದು ಎಂಬ ನಿಯಮ, ಹಾಕಿದರು ಅನ್ನಿ. ಆಗ ಸಾಹೇಬರ ಮ್ಯಾನೇಜರ್ ಸಾಹೇಬರೇ. ರಜೆ ಕೇಳುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಡೇಟಾಬೇಸ್ ತುಟಿಪಿಟಕ್ ಅನ್ನುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಈ ಐಡಿಯವರು ಟೇಬಲ್ಲಿನಲ್ಲಿ ಇದ್ದಾರಾ? ಇದ್ದಾರೆ. ಸರಿ, ಮುಂದೆ ಹೋಗಿ.

ಇದನ್ನು ಒಂದು ಚೆಕ್ ಕನ್‌ಸ್ಟ್ರೇಂಟ್ (ಸಾಲು ಸೇರಿಸುವ ಮುನ್ನ ಪರೀಕ್ಷಿಸುವ ಷರತ್ತು) ಹಾಕಿ ತಡೆಯಬಹುದು. ಆದರೆ ಸೋಮನ ಮ್ಯಾನೇಜರ್ ಭೀಮ, ಭೀಮನ ಮ್ಯಾನೇಜರ್ ಸೋಮ ಆದರೆ? ಚೆಕ್ ತನ್ನ ಸಾಲು ಬಿಟ್ಟು ಪಕ್ಕದ ಸಾಲಿಗೆ ಕಣ್ಣು ಹಾಯಿಸುವುದಿಲ್ಲ, ಥೇಟ್ ಕೌಂಟರಿನ ಗುಮಾಸ್ತನ ಹಾಗೆ. ಟ್ರಿಗರ್ ಬರೆಯಬೇಕು, ಅಂದರೆ ಸಾಲು ಬದಲಾದಾಗ ತಾನೇ ಓಡಿ ತಪಾಸಣೆ ಮಾಡುವ ಕೋಡ್. ಯಾರು ಬರೆಯುತ್ತಾರೆ?

ಈಗ 'ಇವರೆಲ್ಲರ ಮೇಲೆ ಯಾರು' ಎಂದು ರಿಕರ್ಸಿವ್ ಕ್ವೆರಿ (ಸಿಕ್ಕ ಉತ್ತರ ಹಿಡಿದು ಮತ್ತೆ ಮತ್ತೆ ಕೇಳುತ್ತಾ ಹೋಗುವ ಪ್ರಶ್ನೆ) ಕೇಳಿ ನೋಡಿ. ಸೋಮನಿಂದ ಭೀಮ, ಭೀಮನಿಂದ ಸೋಮ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ 100 ಸುತ್ತುಗಳಿಗೆ ಸಾಕಪ್ಪಾ ಎಂದು ಎರರ್ ಕೊಡುತ್ತದೆ, ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ 1000ಕ್ಕೆ. ನಾವು ಕೊಟ್ಟ ದೂರಿನ ಫೈಲಿಗೆ ಅಂಥ ಮಿತಿಯನ್ನು ಯಾರೂ ಇಟ್ಟಿಲ್ಲ.

ಇನ್ನು ಸಾಹೇಬರು ನಿವೃತ್ತರಾದರು. ಅವರ ಸಾಲು ಅಳಿಸಬೇಕು. ಆನ್ ಡಿಲೀಟ್ ಕ್ಯಾಸ್ಕೇಡ್, ಅಂದರೆ ಒಂದು ಸಾಲು ಅಳಿಸಿದರೆ ಅದನ್ನು ತೋರಿಸುವ ಸಾಲುಗಳೂ ಅಳಿಯಲಿ ಎಂಬ ನಿಯಮ, ಇದ್ದರೆ ಅವರ ಕೆಳಗಿನವರು, ಅವರ ಕೆಳಗಿನವರು, ಎಲ್ಲರೂ ಮಾಯ. ಬೀಳ್ಕೊಡುಗೆಗೆ ಹಾರ ಹಾಕಲೂ ಜನ ಇರುವುದಿಲ್ಲ. (ಎಸ್‌ಕ್ಯೂಎಲ್ ಸರ್ವರಿಗೆ ಬುದ್ಧಿ ಜಾಸ್ತಿ, ತನ್ನನ್ನೇ ತೋರಿಸುವ ಕೀಗೆ ಇದನ್ನು ಹಾಕಲೇ ಬಿಡುವುದಿಲ್ಲ.) ಸೆಟ್ ನಲ್, ಅಂದರೆ ಮ್ಯಾನೇಜರ್ ಜಾಗ ಖಾಲಿ ಮಾಡುವ ನಿಯಮ, ಇದ್ದರೆ ನೇರ ಕೈಕೆಳಗಿದ್ದ ಅಷ್ಟೂ ಜನ ರಾತ್ರೋರಾತ್ರಿ ದೊಡ್ಡ ಸಾಹೇಬರು.

ಏನೂ ಹೇಳದಿದ್ದರೆ ಸಿಗುವ ನಿಯಮ ಇನ್ನೊಂದಿದೆ. ಕೆಳಗೆ ಒಬ್ಬನೇ ಒಬ್ಬ ಇವರನ್ನು ತೋರಿಸುತ್ತಿದ್ದರೂ ಸಾಹೇಬರ ಸಾಲು ಅಲ್ಲಾಡುವುದಿಲ್ಲ. ಅವರು ಮನೆ ಸೇರಿ ವರ್ಷವಾದರೂ ರಜೆ ಅರ್ಜಿ ಅವರ ಹೆಸರಿಗೇ ಹೋಗುತ್ತಿರುತ್ತದೆ. ಈ ನಿಯಮಕ್ಕೆ ಎಸ್‌ಕ್ಯೂಎಲ್ ಪಂಡಿತರು ಸುಮ್ನೆ ಇಟ್ಟ ಹೆಸರಲ್ಲ ಅನಿಸುತ್ತದೆ: 'ನೋ ಆಕ್ಷನ್'.