ದುಡಿಯಬೇಡಿ, ಬಾಡಿಗೆ ಎತ್ತಿ

ಇಂಗ್ಲೆಂಡಿನಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೋ ಅಂಗವಿಕಲ ಮಗನನ್ನೋ ನೋಡಿಕೊಳ್ಳುವವರಿಗೆ ಸರ್ಕಾರ ‘ಕೇರರ್ಸ್ ಅಲೊವೆನ್ಸ್’ ಕೊಡುತ್ತದೆ. 2025-26ರ ದರ ವಾರಕ್ಕೆ 83.30 ಪೌಂಡ್. ಆರೈಕೆ ವಾರಕ್ಕೆ ಕನಿಷ್ಠ 35 ಗಂಟೆ ಇರಬೇಕು, ಅಂದರೆ ಗಂಟೆಗೆ 2.38 ಪೌಂಡ್ ಬಿತ್ತು. ಅದೇ ಸರ್ಕಾರ ಅದೇ ವರ್ಷ ಗೊತ್ತುಪಡಿಸಿದ ಕನಿಷ್ಠ ಕೂಲಿ 12.21. ಬಾಕಿ ಪುಣ್ಯದ ಖಾತೆಗೆ ಜಮಾ.

ಇಷ್ಟಾದರೂ ಸಿಗಬೇಕೆಂದರೆ ನೀವು ಹೆಚ್ಚು ದುಡಿಯಕೂಡದು. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಮುರಿಯುವ ಸಾಮಾಜಿಕ ವಿಮೆಯ ಕಂತು), ಪಿಂಚಣಿ ಕಂತಿನ ಅರ್ಧ ಕಳೆದ ಮೇಲೆ ವಾರದ ಸಂಪಾದನೆ, 2025-26ರ ಲೆಕ್ಕದಲ್ಲಿ, 196 ಪೌಂಡ್ ಮೀರಬಾರದು. ಮೀರಿದಷ್ಟನ್ನೇ ಹಿಡಿದುಕೊಳ್ಳುವ ಸಣ್ಣತನ ಇಲಾಖೆಗಿಲ್ಲ. ಒಂದು ಪೌಂಡ್ ಹೆಚ್ಚಾದರೂ 83.30 ಪೂರ್ತಿ ಹೋಯಿತು. ಅಂಗಡಿಯ ಗಲ್ಲಾದಲ್ಲಿ ಕೂರುವವಳು ವಾರಕ್ಕೊಂದು ಪೌಂಡಿನಂತೆ ವರ್ಷವಿಡೀ ಮಿತಿ ಮೀರಿದರೆ, 52 ಪೌಂಡ್ ಗಳಿಸಿದ ತಪ್ಪಿಗೆ 4,331.60 ಪೌಂಡ್ ಹಿಂದಿರುಗಿಸಬೇಕು. ಸಂಬಳ ಮಿತಿ ಮೀರಿದೆ ಎಂಬ ಎಚ್ಚರಿಕೆ ತೆರಿಗೆ ಇಲಾಖೆಯಿಂದ ಅಲೊವೆನ್ಸ್ ಕೊಡುವ ಇಲಾಖೆಗೆ ತಾನಾಗಿ ಬರುತ್ತಲೇ ಇರುತ್ತದೆ. ಆ ಎಚ್ಚರಿಕೆಗಳಲ್ಲಿ ಅರ್ಧದಷ್ಟನ್ನು ವರ್ಷಗಟ್ಟಲೆ ಯಾರೂ ತೆರೆದೇ ನೋಡಲಿಲ್ಲ. ಸಾಲ ಮಾತ್ರ ತಪ್ಪದೆ ಬೆಳೆಯಿತು.

ಹಾಗಾದರೆ ಬಾಡಿಗೆ? ಅದಕ್ಕೆ ಅಡ್ಡಿಯಿಲ್ಲ! ನಿಮ್ಮ ಹೆಸರಿನಲ್ಲಿ ಒಂದೆರಡು ಫ್ಲಾಟ್ ಇದ್ದು, ಬಾಡಿಗೆ ಕೊಡುವುದನ್ನೇ ವ್ಯಾಪಾರವಾಗಿ ನಡೆಸುತ್ತಿಲ್ಲವಾದರೆ, ಬರುವ ಹಣ ‘ಸಂಪಾದನೆ’ಯೇ ಅಲ್ಲ. ಷೇರಿನ ಡಿವಿಡೆಂಡೂ ಅಲ್ಲ, ಬ್ಯಾಂಕಿನಲ್ಲಿ ಕೂತ ಲಕ್ಷವೂ ಅಲ್ಲ. ಮೈ ಬೆವರದ ದುಡ್ಡಿನ ಮೇಲೆ ಈ ನಿಯಮಕ್ಕೆ ಎಂಥ ಗೌರವ!

ಸಿಕ್ಕಿಹಾಕಿಸುವುದು ಅಡುಗೆಮನೆ. ನೀವಿರುವ ಮನೆಯಲ್ಲೇ ಒಬ್ಬರನ್ನು ಇಟ್ಟುಕೊಂಡು ವಾರಕ್ಕೆ 300 ಪೌಂಡ್ ಪಡೆಯುತ್ತೀರಿ ಎನ್ನಿ. ಅವರು ತಮ್ಮ ಮೊಟ್ಟೆ ತಾವೇ ಬೇಯಿಸಿಕೊಂಡರೆ ಅದು ಬರೀ ಬಾಡಿಗೆ, ಲೆಕ್ಕಕ್ಕಿಲ್ಲ. ಬಾಡಿಗೆಯಲ್ಲೇ ಊಟ ಸೇರಿಸಿ ನೀವೇ ದೋಸೆ ಹಾಕಿ ಕೊಟ್ಟಿರೋ, ಅವರು ‘ಬೋರ್ಡರ್’ ಆದರು. ಮೊದಲ 20 ಪೌಂಡ್ ಬಿಟ್ಟು ಉಳಿದದ್ದರ ಅರ್ಧ, ಅಂದರೆ 140, ನಿಮ್ಮ ಸಂಪಾದನೆ. ಬೇರೆ ಕಡೆ ಕಸ ಗುಡಿಸಿ 60 ಪೌಂಡ್ ತರುತ್ತಿದ್ದರೆ ಒಟ್ಟು 200, 196ರ ಮಿತಿ ದಾಟಿತು, ಅಲೊವೆನ್ಸ್ ಖಲಾಸ್. ಆದ್ದರಿಂದ ಅರ್ಜಿ ಹಾಕುವ ಮುನ್ನ ಕರಾರು ಪತ್ರದಿಂದ ತಿಂಡಿಯನ್ನು ಹೊಡೆದುಹಾಕಿ, ಕಾವಲಿಯನ್ನೂ ಬಚ್ಚಿಡಿ.

ತೆರಿಗೆ ಇಲಾಖೆಗೆ ಮಾತ್ರ ಬಾಡಿಗೆ ಚೆನ್ನಾಗಿ ಕಾಣುತ್ತದೆ, ಅಲೊವೆನ್ಸ್ ಕೂಡ ತೆರಿಗೆಗೆ ಒಳಪಡುತ್ತದೆ. ಅದನ್ನು ತೋರಿಸದೆ ಇದ್ದು ಸಿಕ್ಕಿಬೀಳಬೇಡಿ.

ನಿಜಕ್ಕೂ ಬಡವರಾದವರು ಹೋಗುವುದು ಯೂನಿವರ್ಸಲ್ ಕ್ರೆಡಿಟ್ಟಿಗೆ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ತಿಂಗಳ ನೆರವಿಗೆ. ಅಲ್ಲಿ ವಾಸದ ಮನೆ ಬಿಟ್ಟು ಬೇರೆ ಆಸ್ತಿಯೆಲ್ಲ ಬಂಡವಾಳ. ಮೌಲ್ಯ 16,000 ಪೌಂಡ್ ದಾಟಿದರೆ ಸಾಮಾನ್ಯವಾಗಿ ಬಾಗಿಲು ಬಂದ್. ಮೈಸೂರಿನಲ್ಲಿ ನಿಮ್ಮ ಹೆಸರಿಗಿರುವ ಸೈಟೂ ಅದರೊಳಗೇ ಬರುತ್ತದೆ, ದೂರ ಇದೆ ಎಂದು ಬಿಡುವುದಿಲ್ಲ. ಒಳಗೆ ಸೇರಿದವರಿಗೆ ಆರೈಕೆಯ ಲೆಕ್ಕದಲ್ಲಿ, 2025-26ರ ದರದಂತೆ, ತಿಂಗಳಿಗೆ 201.68 ಪೌಂಡ್ ಸೇರಿಸುತ್ತಾರೆ, ಅಲೊವೆನ್ಸ್ ಬಂದರೆ ಆ ಅಲೊವೆನ್ಸಿನಷ್ಟನ್ನೂ ಪೈಸೆ ಬಿಡದೆ ಮುರಿದುಕೊಳ್ಳುತ್ತಾರೆ. ಹೀಗಾಗಿ ಏನೂ ಇಲ್ಲದವಳಿಗೆ ಅತ್ತೆಯ ಸೇವೆಯಿಂದ ತಿಂಗಳಿಗೆ ಉಳಿಯುವುದು ಆ 201.68. ಫ್ಲಾಟಿನ ಒಡತಿಗೆ ಅದೇ ಸೇವೆಗೆ ಪೂರ್ತಿ ಅಲೊವೆನ್ಸ್, ತಿಂಗಳಿಗೆ ಸುಮಾರು 361. 20% ತೆರಿಗೆ ಕಟ್ಟಿದರೂ 289.