ಲಾಕ್ ಜಾಸ್ತಿ ಹಾಕಿದರೆ ಸಾಕು ಎನ್ನುವುದು ತಪ್ಪು: ಒಂದು ಸ್ಪಷ್ಟನೆ

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: "ಡಿಸ್ಕ್ ಕೋಡಿನಲ್ಲಿ ಎಲ್ಲ ಕಡೆ ಲಾಕ್ ಹಾಕಿ. ಡೆಡ್‌ಲಾಕ್ ಆದರೆ ಲಿನಕ್ಸ್ ಕರ್ನಲ್ ತಾನೇ ಬಿಡಿಸುತ್ತದೆ." ಲಾಕ್ ಅಂದರೆ ಒಂದು ಡೇಟಾವನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಕೋಡಿನಲ್ಲಿ ಹಾಕುವ ಬೀಗ. ಒಬ್ಬರ ಲಾಕಿಗೆ ಇನ್ನೊಬ್ಬರು ಕಾಯುತ್ತಾ ಎಲ್ಲರೂ ನಿಂತುಬಿಡುವುದು ಡೆಡ್‌ಲಾಕ್. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ವಾಟ್ಸಾಪ್ ಮಾತಿನಲ್ಲಿ ಮೊದಲನೆಯದು ಅರ್ಧ ಸರಿ. ಎರಡನೆಯದು ಪೂರ್ತಿ ತಪ್ಪು.

ಲಾಕ್ ಬೇಕು, ನಿಜ. ಎರಡು ಸಿಪಿಯು ಡಿಸ್ಕಿನ ಒಂದೇ ಖಾಲಿ ಬ್ಲಾಕನ್ನು (ಜಾಗದ ತುಂಡನ್ನು) ಎರಡು ಫೈಲಿಗೆ ಕೊಟ್ಟರೆ ಡೇಟಾ ಹಾಳು. ಹೀಗೆ ಇಬ್ಬರು ಒಂದೇ ಸಲ ಒಂದೇ ಡೇಟಾಕ್ಕೆ ಕೈ ಹಾಕಿ ಕೆಡಿಸುವುದೇ ರೇಸ್.

ಆದರೆ ಸಕಲೇಶಪುರದ ಒಂದು ಕಾಫಿ ಗೋದಾಮು ನೆನೆಸಿಕೊಳ್ಳಿ. ಒಬ್ಬರ ಹತ್ತಿರ ಬೀಗದ ಕೈ, ಇನ್ನೊಬ್ಬರ ಹತ್ತಿರ ಲೆಕ್ಕದ ಪುಸ್ತಕ. ಇಬ್ಬರಿಗೂ ಎರಡೂ ಬೇಕು, ಯಾರೂ ಬಿಡುವುದಿಲ್ಲ. ಕೆಲಸ ನಿಂತೇ ಹೋಯಿತು, ಅಲ್ವಾ? ಇದೇ ಡೆಡ್‌ಲಾಕ್. ಮೊದಲು ಬೀಗದ ಕೈ, ಆಮೇಲೆ ಪುಸ್ತಕ ಎಂದು ಎಲ್ಲರೂ ಒಂದೇ ಕ್ರಮ ಪಾಲಿಸಿದರೆ ಈ ಸಿಕ್ಕು ಬೀಳುವುದಿಲ್ಲ.

ಸ್ಟೋರೇಜ್ ಕೋಡಿನಲ್ಲಿ ಇನ್ನೊಂದು ಅಪಾಯ ಇದೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಫೈಲ್‌ಸಿಸ್ಟಮ್‌ನ (ಡಿಸ್ಕಿನಲ್ಲಿ ಫೈಲುಗಳನ್ನು ನೋಡಿಕೊಳ್ಳುವ ಭಾಗದ) ಲಾಕ್ ಹಿಡಿದುಕೊಂಡೇ ನೀವು ಮೆಮೊರಿ ಕೇಳುತ್ತೀರಿ. ಮೆಮೊರಿ ಕಡಿಮೆ ಇದ್ದರೆ, ಜಾಗ ಮಾಡಲು ಕರ್ನಲ್ ಮತ್ತೆ ಅದೇ ಫೈಲ್‌ಸಿಸ್ಟಮ್ ಒಳಗೆ ಹೋಗಬಹುದು. ಅಲ್ಲಿ ಅದೇ ಲಾಕಿಗೆ ಕಾಯುತ್ತದೆ. ನಿಮ್ಮ ಕೋಡ್ ತನಗೆ ತಾನೇ ಕಾದು ಕೂತಂತಾಯಿತು. ಇದನ್ನು ತಡೆಯಲೆಂದೇ ಜಿಎಫ್‌ಪಿ_ನೋಎಫ್‌ಎಸ್ (GFP_NOFS) ಇದೆ: ಮೆಮೊರಿ ಕೇಳುವಾಗ "ಜಾಗ ಮಾಡಲು ಫೈಲ್‌ಸಿಸ್ಟಮ್ ಒಳಗೆ ಹೋಗಬೇಡ" ಎಂದು ಕರ್ನಲ್‌ಗೆ ಹೇಳುವ ಗುರುತು. ಸ್ಪಿನ್‌ಲಾಕ್ (ಕಾಯುವವರು ಸಿಪಿಯು ಬಿಡದೆ ಸುತ್ತುತ್ತಲೇ ಕಾಯುವ ಲಾಕ್) ಹಿಡಿದಾಗಲಂತೂ ನಿದ್ದೆಗೆ ಹೋಗುವ, ಅಂದರೆ ಸಿಪಿಯು ಬಿಟ್ಟು ಕಾಯುವ, ಯಾವ ಕೆಲಸವನ್ನೂ ಮಾಡಬಾರದು.

ಕರ್ನಲ್ ಏನನ್ನೂ ಬಿಡಿಸುವುದಿಲ್ಲ. ಸಾಮಾನ್ಯವಾಗಿ ಒಂದು ಕೆಲಸ 120 ಸೆಕೆಂಡು ಅಲುಗಾಡದಿದ್ದರೆ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ, ಅಷ್ಟೇ. 2006ರಲ್ಲಿ ಕರ್ನಲ್‌ಗೆ ಸೇರಿದ ಲಾಕ್‌ಡೆಪ್ ಎಂಬ ತಪಾಸಣಾ ಸಾಧನ ಮಾತ್ರ, ಕೋಡ್ ನಿಜವಾಗಿ ಸಿಕ್ಕಿಹಾಕಿಕೊಳ್ಳುವ ಮೊದಲೇ ಲಾಕ್‌ಗಳ ಕ್ರಮ ತಪ್ಪಿದ್ದನ್ನು ತೋರಿಸುತ್ತದೆ. ಅದನ್ನು ಡೀಬಗ್ ಕರ್ನಲ್‌ನಲ್ಲಿ (ತಪ್ಪು ಹುಡುಕಲೆಂದು ಕಟ್ಟಿಕೊಳ್ಳುವ ಕರ್ನಲ್‌ನಲ್ಲಿ) ನೀವೇ ಆನ್ ಮಾಡಿಕೊಳ್ಳಬೇಕು.