ಆ ನಾಲ್ಕು ಗೆರೆಯಲ್ಲಿ ಯಾರನ್ನು ಬರೆಯೋಣ?

ಹೊಸನಗರ ತಾಲ್ಲೂಕಿನ ನಮ್ಮ ನಾಲ್ಕೈದು ಹಳ್ಳಿಯವರು ಸೇರಿ ಒಂದು ಕೆಲಸ ಶುರು ಮಾಡಲು ಹೊರಟಿದ್ದೇವೆ. ಮನೆಯಲ್ಲಿ ಒಂಟಿಯಾಗಿರುವ ವಯಸ್ಸಾದವರಿಗೆ ತಿಂಗಳ ಮಾತ್ರೆ ತಂದುಕೊಡುವುದು, ಆಸ್ಪತ್ರೆಗೆ ಹೋಗಬೇಕಾದಾಗ ಜೊತೆಗೊಬ್ಬರು ಹೋಗುವುದು. ಇಷ್ಟೇ. ಜೀಪಿನ ಡೀಸೆಲ್ ಖರ್ಚಿಗೆ ಒಂದು ಟ್ರಸ್ಟಿನವರು ಸಹಾಯ ಮಾಡುವ ಮನಸ್ಸು ಮಾಡಿದ್ದಾರೆ. ಅವರು ಕಳಿಸಿದ ಅರ್ಜಿಯಲ್ಲಿ ‘ಫಲಾನುಭವಿಗಳ ವಿವರ’ ಅಂತ ಒಂದು ಕಾಲಂ ಇದೆ. ನಾಲ್ಕು ಗೆರೆ ಜಾಗ. ಅದನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಐದೇ ನಿಮಿಷದಲ್ಲಿ ಬರೆದು ಮುಗಿಸಿದೆ. ‘ಗ್ರಾಮೀಣ ಭಾಗದ ಬಡ, ಅಸಹಾಯಕ, 60 ವರ್ಷ ಮೇಲ್ಪಟ್ಟ ಹಿರಿಯ ನಾಗರಿಕರು.’ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಚೆನ್ನಾಗಿದೆ ಅಂದರು. ಆಶಾ ಕಾರ್ಯಕರ್ತೆಯಾಗಿರುವ ಅಕ್ಕ ಒಬ್ಬರು ಮಾತ್ರ ಫೋನ್ ಮಾಡಿದರು. "ಇದ್ರಲ್ಲಿ ನಮ್ಮೂರಿನೋರು ಯಾರು ಯಾರು ಬರ್ತಾರೆ ತಮ್ಮ? ಒಂದು ಹತ್ತು ಜನರ ಹೆಸರು ಹೇಳು" ಅಂದರು. ನನಗೆ ಮೂರರ ಮೇಲೆ ಹೇಳಲು ಆಗಲಿಲ್ಲ.

ಆಮೇಲೆ ಅವರ ಜೊತೆಗೇ ಮೂರು ಭಾನುವಾರ ಮನೆ ಮನೆ ತಿರುಗಿದೆ. ನಾನು ಹೇಳಬೇಕೆಂದಿರುವುದು ಆ ಮೂರು ಭಾನುವಾರದ ಮಾತು.

ಕಾನಿನ ಅಂಚಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರಿಗೆ ಬಿಪಿ ಇದೆ, ಶುಗರ್ ಇದೆ. ಮಾತ್ರೆ ಅವರಿಗೆ ಸಿಗುತ್ತಿಲ್ಲ ಅಂತಲ್ಲ. ನಮ್ಮ ಕಡೆ ಗೊತ್ತಲ್ವಾ, ಬೆಳಿಗ್ಗೆ ಬಸ್ಸಿನವರ ಕೈಗೆ ಚೀಟಿ, ದುಡ್ಡು ಕೊಟ್ಟರೆ ಸಂಜೆ ಟ್ರಿಪ್ಪಿಗೆ ಮಾತ್ರೆ ಬರುತ್ತದೆ. ಎಷ್ಟೋ ವರ್ಷದಿಂದ ಹಾಗೇ ನಡೆದಿದೆ. ಅಜ್ಜಿಗೆ ಓದಲು ಬರುವುದಿಲ್ಲ. ಹಾಗಾಗಿ ಬಣ್ಣ ನೋಡಿ ಗುರುತು ಇಟ್ಟುಕೊಂಡಿದ್ದರು. ಹಸಿರು ಹಾಳೆಯ ಬಿಪಿ ಮಾತ್ರೆ ಬೆಳಿಗ್ಗೆ, ಬೆಳ್ಳಿ ಹಾಳೆಯ ಶುಗರ್ ಮಾತ್ರೆ ಊಟದ ಹೊತ್ತಿಗೆ. ಒಂದು ತಿಂಗಳು ಅಂಗಡಿಯಲ್ಲಿ ಆ ಕಂಪನಿಯ ಬಿಪಿ ಮಾತ್ರೆ ಇರಲಿಲ್ಲ. ಅದೇ ಔಷಧಿ, ಬೇರೆ ಕಂಪನಿಯದು ಕೊಟ್ಟರು. ಅದೂ ಬೆಳ್ಳಿ ಬಣ್ಣ. ಅಜ್ಜಿ ಹತ್ತು ದಿನ ಬಿಪಿ ಮಾತ್ರೆಯನ್ನೇ ಎರಡು ಹೊತ್ತೂ ನುಂಗಿದ್ದಾರೆ. ಕೊಟ್ಟಿಗೆಯಲ್ಲಿ ಹಾಲು ಕರೆದು ಏಳುವಾಗ ತಲೆ ತಿರುಗಿ ಬಿದ್ದಿದ್ದಾರೆ. ಪುಣ್ಯಕ್ಕೆ ಬಿದ್ದದ್ದು ಸೊಪ್ಪಿನ ರಾಶಿಯ ಮೇಲೆ.

ಈಗ ಯೋಚಿಸಿ. ನಮ್ಮ ಕಾರ್ಯಕ್ರಮ ಏನು? ಮಾತ್ರೆ ತಂದುಕೊಡುವುದು. ಈ ಅಜ್ಜಿಗೆ ಮಾತ್ರೆ ತಂದುಕೊಡುವವರು ಮೊದಲೇ ಇದ್ದಾರೆ. ಅವರಿಗೆ ಬೇಕಾಗಿರುವುದು ಜಗಲಿಯಲ್ಲಿ ಐದು ನಿಮಿಷ ಕೂತು, ಹಳೇ ಹಾಳೆ ಹೊಸ ಹಾಳೆ ಪಕ್ಕಪಕ್ಕ ಇಟ್ಟು, "ಅಜ್ಜಿ, ಇದು ಬೆಳಿಗ್ಗೆದು" ಅಂತ ಹೇಳುವ ಒಬ್ಬರು. ‘ಬಡ, ಅಸಹಾಯಕ’ ಅಂತ ಬರೆದ ನನ್ನ ಸಾಲಿನಿಂದ ಇದು ಯಾರಿಗಾದರೂ ಹೊಳೆಯುತ್ತಿತ್ತಾ?

ನಾನು ಬರೆದದ್ದನ್ನು ಅವರಿಗೇ ಓದಿ ಹೇಳಿದೆ. ಅವರ ಬಗ್ಗೆ ಬರೆದದ್ದು ಅವರಿಗೆ ಗೊತ್ತಿರಬೇಕು ಅಂತ ಆಶಾ ಅಕ್ಕ ಹಠ ಹಿಡಿದಿದ್ದರು.

"ಅಸಹಾಯಕ ಅಂದ್ರೆ ಎಂತ ತಮಾ?"

"ಅಂದ್ರೆ, ಕೈಲಾಗದವರು ಅಂತ ಅಜ್ಜಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ದನ ಸಾಕಿದೀನಿ. ಹಾಲು ಡೈರಿಗೆ ಹಾಕ್ತೀನಿ. ಅಕ್ಷರ ಬರಲ್ಲ, ಅಷ್ಟೇ. ಅದನ್ನೇ ಬರಿ" ಅಂದರು.

ಅವತ್ತೇ ನಾನು ಆ ಪದ ಹೊಡೆದು ಹಾಕಿದೆ.

ಇನ್ನು ವಯಸ್ಸಿನ ಮಾತು. ಕಾನೂನಿನಲ್ಲಿ ಹಿರಿಯ ನಾಗರಿಕ ಅಂದರೆ 60. ಸಂಧ್ಯಾ ಸುರಕ್ಷಾ ಪಿಂಚಣಿ ಸಿಗಲು 65 ಆಗಬೇಕು. 2024ರಲ್ಲಿ ಬಂದ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ 70. ಸರ್ಕಾರಕ್ಕೆ ಒಂದು ಲೆಕ್ಕ ಬೇಕೇ ಬೇಕು, ತಪ್ಪು ಹೇಳುತ್ತಿಲ್ಲ. ಆದರೆ ನಮಗೆ ಯಾಕೆ ಬೇಕು? ನಮ್ಮೂರಿನ ಒಬ್ಬ ಕೊನೆಗೌಡರ, ಅಂದರೆ ಮರ ಹತ್ತಿ ಅಡಿಕೆ ಕೊನೆ ತೆಗೆಯುವವರ ವಿಷಯ ಕೇಳಿ. ಹದಿನೇಳನೇ ವಯಸ್ಸಿನಿಂದ ಅಡಿಕೆ ಮರ ಹತ್ತಿದವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅವರೇ, ಮಳೆ ಮುಗಿದ ಮೇಲೆ ಕೊನೆ ತೆಗೆಯಲು ಅವರೇ. ಜಾರುವ ಮರದ ತುದಿಯಲ್ಲಿ ನಿಂತು ಪಕ್ಕದ ಮರಕ್ಕೆ ದಾಟುವುದನ್ನು ಕೆಳಗೆ ನಿಂತು ನೋಡಲು ನಮಗೆ ಭಯ ಆಗುತ್ತಿತ್ತು. ಎರಡು ವರ್ಷದ ಹಿಂದೆ ಬಿದ್ದರು. ಸೊಂಟ ಹೋಯಿತು. ಈಗ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು. ಅವರಿಗೆ ವಯಸ್ಸು 52. ನನ್ನ ನಾಲ್ಕು ಗೆರೆಯಲ್ಲಿ ಅವರಿಗೆ ಜಾಗ ಇಲ್ಲ. ಅವರ ತೋಟದ ಯಜಮಾನರಿಗೆ 74, ದಿನಾ ಬೆಳಿಗ್ಗೆ ಎರಡು ಕಿಲೋಮೀಟರ್ ನಡೆಯುತ್ತಾರೆ. ಅವರಿಗೆ ಜಾಗ ಇದೆ.

‘ಬಡ’ ಅನ್ನುವ ಪದಕ್ಕೆ ನಮ್ಮ ಗುಂಪಿನಲ್ಲೇ ದೊಡ್ಡ ಜಗಳ ಆಯಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಅಂತ ಕೆಲವರು. ನನಗೆ ಅದು ಒಪ್ಪಿಗೆಯಿಲ್ಲ. ಹೊಳೆಯಾಚೆ ಒಂದು ಹಂಚಿನ ದೊಡ್ಡ ಮನೆ ಇದೆ. ಎಂಟು ಎಕರೆ ತೋಟ. ಮಕ್ಕಳಿಬ್ಬರೂ ಬೆಂಗಳೂರು. ಮನೆಯಲ್ಲಿ ಇಬ್ಬರೇ, ಗಂಡ ಹೆಂಡತಿ. ಶೆಡ್ಡಿನಲ್ಲಿ ಕಾರಿದೆ, ಓಡಿಸುವವರಿಲ್ಲ. ಆಷಾಢದ ಒಂದು ರಾತ್ರಿ ಯಜಮಾನರಿಗೆ ಎದೆ ಹಿಡಿದುಕೊಂಡಿತು. ಕರೆಂಟ್ ಹೋಗಿ ಮೂರು ದಿನ, ಅದರ ಜೊತೆ ಟವರೂ ಹೋಗಿತ್ತು. 108ಕ್ಕೆ ಫೋನ್ ಮಾಡಲು ಫೋನೇ ಇಲ್ಲ. ಆ ಅಮ್ಮ ಟಾರ್ಚ್ ಹಿಡಿದು, ಕಂಬಳಿ ಕೊಪ್ಪೆ ಹೊದ್ದು, ಗದ್ದೆ ಅಂಚಿನಲ್ಲಿ ನಡೆದು ಪಕ್ಕದ ಮನೆ ಬಾಗಿಲು ತಟ್ಟಿದರು. ಪಕ್ಕದ ಮನೆ ಅಂದರೆ ಮುಕ್ಕಾಲು ಕಿಲೋಮೀಟರ್. ಮಲೆನಾಡಿನ ಒಂಟಿಮನೆ ಅಂದರೆ ಹಾಗೆ. ಇಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 60 ಕಿಲೋಮೀಟರ್ ಮೇಲಾಗುತ್ತದೆ, ಮಣಿಪಾಲಕ್ಕೆ ಹೋಗೋಣ ಅಂದರೆ ಘಾಟಿ ಇಳಿಯಬೇಕು. ಆ ರಾತ್ರಿ ಆ ಅಮ್ಮನ ಹತ್ತಿರ ಎಂಟು ಎಕರೆ ಇತ್ತು, ಒಬ್ಬ ಮನುಷ್ಯ ಇರಲಿಲ್ಲ. ಅವರಿಂದ ಡೀಸೆಲ್ ದುಡ್ಡು ತೆಗೆದುಕೊಳ್ಳೋಣ, ಸಂತೋಷದಿಂದ ಕೊಡುತ್ತಾರೆ. ಆದರೆ ಪಟ್ಟಿಯಿಂದ ಬಿಡುವುದು ಸರಿಯಲ್ಲ.

ಹೋದ ವರ್ಷ ಹೊರಗಿನ ಒಂದು ಸಂಸ್ಥೆಯವರು ಆರೋಗ್ಯ ಶಿಬಿರ ಮಾಡಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ‘ಕೃಷಿ ಕೂಲಿ ಮಹಿಳೆಯರಿಗಾಗಿ’ ಅಂತ ಬ್ಯಾನರ್. ಇಟ್ಟದ್ದು ಡಿಸೆಂಬರ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆಗೆ. ಅಡಿಕೆ ಸುಗ್ಗಿ ಜೋರಾಗಿರುವ ಹೊತ್ತು! ಹಗಲಿಡೀ ತೋಟದಲ್ಲಿ ಹೆಕ್ಕುವ ಹೊರುವ ಕೆಲಸ, ರಾತ್ರಿ ಹತ್ತು ಹನ್ನೊಂದರವರೆಗೆ ಸುಲಿಯುವ ಕೆಲಸ. ಒಂದು ದಿನ ಬಿಟ್ಟರೆ ಆ ದಿನದ ಕೂಲಿ ಹೋಯಿತು. ಶಿಬಿರಕ್ಕೆ ಬಂದವರು ಪೇಟೆ ಹತ್ತಿರದವರು, ನನ್ನಂಥವರು. ಯಾರಿಗಾಗಿ ಅಂತ ಬರೆದಿದ್ದರೋ ಅವರಲ್ಲಿ ಒಬ್ಬರನ್ನೂ ನಾನು ಅಲ್ಲಿ ಕಾಣಲಿಲ್ಲ. ಆ ರಾತ್ರಿ ಅಡಿಕೆ ಸುಲಿಯುವ ಚಪ್ಪರಕ್ಕೆ ಡಾಕ್ಟರು ಬಂದಿದ್ದರೆ ಒಂದೇ ಕಡೆ ಇಪ್ಪತ್ತು ಜನ ಸಿಗುತ್ತಿದ್ದರು. ಆ ಹೆಂಗಸರ ಬೆರಳು ನೋಡಿದ್ದೀರಾ? ಚೊಗರು ಹಿಡಿದು ಕಪ್ಪಾಗಿ, ತುದಿ ಸವೆದು ಒಡೆದಿರುತ್ತದೆ. ರೇಷನ್ ಅಂಗಡಿಯಲ್ಲಿ ತಂಬ್ ಬರುವುದಿಲ್ಲ, ಒರೆಸಿ ಒರೆಸಿ ಮತ್ತೆ ಒತ್ತುತ್ತಾರೆ.

ಮಂಗನ ಕಾಯಿಲೆಯದೂ ಇದೇ ಕಥೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಉಣುಗು ಎಂಬ ಸಣ್ಣ ಹುಳ ಕಚ್ಚಿ ಬರುತ್ತದೆ. ‘ಕಾಡಂಚಿನ ಗ್ರಾಮಸ್ಥರು’ ಅಂತ ಬರೆದರೆ ಊರಿಗೆ ಊರೇ ಬರುತ್ತದೆ. ಆದರೆ ಬೆಳಗಾಗುವ ಮೊದಲೇ ಕೊಟ್ಟಿಗೆಗೆ ದರಕು (ಒಣಗಿದ ಎಲೆ) ಗುಡಿಸಿ ತರಲು, ಸೌದೆಗೆ, ದನ ಹೊಡೆದುಕೊಂಡು ಕಾಡಿಗೆ ಹೋಗುವವರು ಎಷ್ಟು ಜನ? ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಅವರು ಹೊರಡುವ ಮೊದಲು ಕೈಗೆ ಸಿಗಬೇಕು. ಹತ್ತು ಗಂಟೆಗೆ ಹಂಚಿದರೆ ಅದು ಮನೆಯಲ್ಲಿದ್ದವರಿಗೆ ಸಿಕ್ಕಿತು ಅಷ್ಟೇ.

ಬಸ್ಸಿನದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ‘ರಾಜ್ಯದ ಎಲ್ಲ ಮಹಿಳೆಯರು’ ಅಂದರು. ನನಗೆ ಆ ಯೋಜನೆ ಇಷ್ಟ. ಆದರೆ ನಮ್ಮ ದಾರಿಗೆ ಬರುವುದು ಖಾಸಗಿ ಬಸ್ಸು ಮಾತ್ರ. ನಮ್ಮ ಅಜ್ಜಿ ಇವತ್ತೂ ಟಿಕೆಟ್ ತೆಗೆದೇ ಆಸ್ಪತ್ರೆಗೆ ಹೋಗುತ್ತಾರೆ.

ಹೀಗಾಗಿ ಆ ಕಾಲಂನಲ್ಲಿ ಈಗ ‘ಪ್ರತ್ಯೇಕ ಹಾಳೆ ನೋಡಿ’ ಅಂತ ಬರೆದಿದ್ದೇನೆ. ಹಾಳೆಯಲ್ಲಿ ಹೆಸರು ಹಾಕಿಲ್ಲ, ಅವರ ಕಾಯಿಲೆ ಎಲ್ಲರ ಬಾಯಿಗೆ ಬೀಳಬಾರದು. ಬರೆದಿರುವುದು ಇಷ್ಟು: ರಾತ್ರಿ ಜೊತೆಗೆ ಯಾರಿರುತ್ತಾರೆ, ಮಾತ್ರೆ ಚೀಟಿ ಓದುವವರು ಯಾರು, ಮನೆ ಬಾಗಿಲವರೆಗೆ ಜೀಪ್ ಹೋಗುತ್ತದಾ ಅಥವಾ ಕಾಲುಸಂಕ ದಾಟಬೇಕಾ, ಫೋನ್ ಎಲ್ಲಿ ನಿಂತರೆ ಸಿಗುತ್ತದೆ, ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ. ಜೊತೆಗೆ ಅವರು ಏನೇನು ಮಾಡಿಕೊಳ್ಳುತ್ತಾರೆ ಅನ್ನುವುದೂ ಇದೆ. ಎಲ್ಲವನ್ನೂ ಅವರವರಿಗೆ ಓದಿ ಹೇಳಿ, ಒಪ್ಪಿದ ಮೇಲೆಯೇ ಇಟ್ಟುಕೊಂಡಿದ್ದೇವೆ. ಇಬ್ಬರು ಬೇಡ ಅಂದರು. ಅವರದು ತೆಗೆದಿದ್ದೇವೆ.

ಟ್ರಸ್ಟಿನವರು ಇಷ್ಟು ಉದ್ದ ಓದುತ್ತಾರಾ ಅಂತ ಗುಂಪಿನಲ್ಲಿ ಕೆಲವರಿಗೆ ಅನುಮಾನ. ನನಗಿಲ್ಲ. ಕೊಡುವ ಮನಸ್ಸಿರುವವರಿಗೆ ಯಾರಿಗೆ ಕೊಡುತ್ತಿದ್ದೇವೆ ಅಂತ ತಿಳಿಯುವ ಆಸೆ ಇದ್ದೇ ಇರುತ್ತದೆ.

ಅರ್ಜಿ ಕೊಡಲು ಇನ್ನೂ ಹತ್ತು ದಿನ ಇದೆ. ನಮ್ಮ ತಾಲ್ಲೂಕಿನ ನಗರ ಹೋಬಳಿ ಕಡೆಯ ಮೂರು ಊರಿಗೆ ಇನ್ನೂ ಹೋಗಿಲ್ಲ. ಹಿನ್ನೀರಿನ ಅಂಚಿನ ಮನೆಗಳೂ ಬಾಕಿ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಮೆಸೇಜ್ ಮಾಡಿ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಡುತ್ತೇವೆ. ದಾರಿ ತೋರಿಸಲು ನಿಮ್ಮೂರಿನ ಒಬ್ಬರು ಜೊತೆಗಿದ್ದರೆ ಸಾಕು.